ಅಕ್ಕಸಾಲಿಯ ಮೋಟಾರು, ಅಕ್ಕನ ಶ್ರುತಿಪೆಟ್ಟಿಗೆ

ಹರಿಹರಪುರದ ನನ್ನ ಅಕ್ಕ ಇನ್ನು ಮುಂದೆ ಹಾಡುತ್ತಾಳೋ ಇಲ್ಲವೋ ಎಂಬುದು ಒಂದು ಮಧ್ಯಾಹ್ನ ನನ್ನ ಬಲಗಾಲಿನ ಹೆಬ್ಬೆರಳಿನ ಕೆಳಗೆ ಬಂದು ಕೂತಿತ್ತು. ಆ ಹೆಬ್ಬೆರಳಿನ ಕೆಳಗಿದ್ದದ್ದು ಒಂದು ಹಳೆಯ ಮೋಟಾರಿನ ಪೆಡಲು. ಅಂಥ ಮೋಟಾರುಗಳು ನನ್ನ ಮನೆ ಸೇರಿದ ಕಥೆಯನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ರವಿಕೆ ಹೊಲಿಯುವವಳಿಗೆ ಲೋಹ ಉಜ್ಜುವ ಉಸಾಬರಿ ಯಾಕೆ ಎಂದು ನೀವೂ ಕೇಳುತ್ತೀರಿ. ಊರಿನವರೆಲ್ಲ ಕೇಳಿ ಆಗಿದೆ.

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಮೇಲಕ್ಕೆ ಹತ್ತುವ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಒಂದು ಬೇಸಿಗೆಯಲ್ಲಿ, ಮದುವೆ ರವಿಕೆಗಳ ರಾಶಿ ಬಿದ್ದಿರುವಾಗಲೇ, ನನ್ನ ಮಿಷಿನ್ ನೂಲು ತುಂಡರಿಸಲು ಶುರುಮಾಡಿತು. ಗೇಣುದ್ದ ಹೊಲಿಯುವುದು, ಪಟ್ ಎನ್ನುವುದು. ನೂಲನ್ನು ಬೈದೆ. ಸೂಜಿಯನ್ನು ಬೈದೆ. ಆ ದಿನ ಅಂಗಡಿಗೆ ಬಂದವರನ್ನೂ ಬೈದಿರಬೇಕು. ಕೊನೆಗೆ ಭೂತಗನ್ನಡಿ ಹಿಡಿದು ಮಿಷಿನ್ನಿನ ಹೊಟ್ಟೆಯೊಳಗೆ ಇಣುಕಿದೆ. ನೂಲನ್ನು ಸುತ್ತಿ ಎಳೆದುಕೊಳ್ಳುವ ಉಕ್ಕಿನ ಕೊಕ್ಕೆಯ ಮೇಲೆ, ಯಾವತ್ತೋ ಮುರಿದ ಸೂಜಿ ಮಾಡಿದ ಒಂದು ಗೀರು ಇತ್ತು. ಉಗುರಿಗೆ ತಾಗುತ್ತದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಅಷ್ಟು ಸಣ್ಣ ಗೀರು ನನ್ನಂಥ ಗಟ್ಟಿ ಹೆಂಗಸಿನ ಇಡೀ ದಿನದ ದುಡಿಮೆಯನ್ನು ನಿಲ್ಲಿಸಿತ್ತು. ನನ್ನ ಬೆರಗು ಶುರುವಾದದ್ದು ಅಲ್ಲಿಂದ.

ಆ ಗೀರನ್ನು ಉಜ್ಜಿ ತೆಗೆಯಲು ಅರ ಆಗುವುದಿಲ್ಲ, ಅರ ಅಲ್ಲಿಗೆ ಹೋಗುವುದೇ ಇಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಯಾರೋ ಒಬ್ಬರು ಪೆನ್ನಿನಂಥ ಒಂದು ಹಿಡಿಕೆಯ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಉಣ್ಣೆಯ ಗಾಲಿ ತಿರುಗಿಸಿ, ಅಂಥದ್ದೇ ಕೊಕ್ಕೆಯನ್ನು ಕನ್ನಡಿಯಂತೆ ಮಾಡುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ಹೊಸದನ್ನು ತರಿಸಬಹುದಿತ್ತು. ಆದರೆ ಹೊಸ ಮಿಷಿನ್‌ಗಳ ಮೇಲೆ ನನಗೆ ಮೊದಲಿಂದಲೂ ಅನುಮಾನ. ಹಳೆಯದಾದರೆ ಒಬ್ಬರ ಕೈಯಲ್ಲಿ ಓಡಿ ತೋರಿಸಿರುತ್ತದೆ, ಕೆಡುವ ಹಾಗಿದ್ದರೆ ಕೆಟ್ಟು ಮುಗಿದಿರುತ್ತದೆ.

ನರಸಿಂಹರಾಜಪುರದಲ್ಲಿ ಒಬ್ಬ ಅಕ್ಕಸಾಲಿ ಕಣ್ಣು ಸೋತು ಕೆಲಸ ಬಿಡುತ್ತಿದ್ದಾರೆ, ಅವರ ಬಳಿ ಅಂಥ ಮೋಟಾರು ಇದೆ ಎಂದು ಅಂಗಡಿಗೆ ಬಂದ ಹೆಂಗಸೊಬ್ಬಳು ಹೇಳಿದಳು. ಮರುದಿನವೇ ಬಸ್ಸು ಹತ್ತಿದೆ. ಅವರ ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗೋಡೆಯ ಕೊಕ್ಕೆಗೆ ಮೋಟಾರು ನೇತಾಡುತ್ತಿತ್ತು. ಅದರಿಂದ ಬಳುಕುವ ಕರಿಯ ಕೊಳವೆಯೊಂದು ಇಳಿದು, ತುದಿಯಲ್ಲಿ ಉಕ್ಕಿನ ಹಿಡಿಕೆ. ಕೆಳಗೆ, ನೆಲದ ಮೇಲೆ, ಕಾಲಿನ ಪೆಡಲು.

"ಎಂತಕ್ಕಮ್ಮ ನಿಮ್ಗೆ ಇದು? ಮನೆಯವ್ರನ್ನ ಕಳ್ಸಿ, ಅವ್ರು ನೋಡ್ತಾರೆ," ಎಂದರು.

"ನಮ್ಮನೆಯವ್ರಿಗೆ ಮಿಕ್ಸಿ ಮುಚ್ಚಳ ಹಾಕಕ್ಕೆ ಬರಲ್ಲ. ನಾನೇ ನೋಡ್ತೀನಿ," ಎಂದೆ.

ಹಳೆಯ ಮೋಟಾರು ಕೊಳ್ಳುವಾಗ ನೋಡಬೇಕಾದದ್ದು ಅದರ ಮೈಬಣ್ಣವನ್ನಲ್ಲ. ಕೊಳವೆಯ ಒಳಗಿನ ತಂತಿ ಬಾಗಿದೆಯೋ, ಹಿಡಿಕೆಯ ಬಾಯಿ ಸವೆದಿದೆಯೋ ಎಂಬುದನ್ನು. ನಾನು ಹೋಗಿದ್ದು ಹೊಲಿಗೆಯವಳಾಗಿ, ಹಾಗಾಗಿ ಸೆರಗಿಗೆ ಚುಚ್ಚಿಕೊಂಡಿದ್ದ ಕೈಸೂಜಿಯನ್ನೇ ತೆಗೆದು ಹಿಡಿಕೆಯ ಬಾಯಿಗೆ ಸಿಕ್ಕಿಸಿ ಬಿಗಿ ಮಾಡಿದೆ. ಪೆಡಲಿನ ಮೇಲೆ ಕಾಲಿಟ್ಟೆ. ಪೆಡಲು ನನಗೆ ಹೊಸದೇನಲ್ಲ, ಜೀವಮಾನವೆಲ್ಲ ತುಳಿದ ಕಾಲು ಇದು. ಮೆಲ್ಲಗೆ ಒತ್ತಿದೆ. ಮೋಟಾರು ಗುಂಯ್ ಎಂದಿತು. ಸೂಜಿಯ ತುದಿ ಅದುರಿ ಗಾಳಿಯಲ್ಲಿ ಉಂಗುರ ಬರೆದರೆ ಮಿಷಿನ್ ಹಾಳು ಎಂದು ಅರ್ಥ. ಉಂಗುರ ಕಾಣಲಿಲ್ಲ. ಇನ್ನೂ ಒತ್ತಿದೆ. ಸೂಜಿ ನಿಂತೇ ಇದೆ. ಕರೆಂಟು ಹೋಯಿತೇ ಎಂದು ಮೇಲೆ ನೋಡಿದರೆ ಮೋಟಾರು ಓಡುತ್ತಿದೆ. ಸೂಜಿ ಅಷ್ಟು ನೇರವಾಗಿ, ಅಷ್ಟು ಜೋರಾಗಿ ತಿರುಗುತ್ತಿತ್ತು, ತಿರುಗುವುದು ಕಣ್ಣಿಗೇ ಕಾಣುತ್ತಿರಲಿಲ್ಲ. ನನ್ನ ಮೈಯಲ್ಲಿ ಮುಳ್ಳೆದ್ದಿತು. ಎಷ್ಟೋ ವರ್ಷ ದುಡಿದ ಯಂತ್ರದ ಒಳಗೆ ಇಂಥ ನಿಶ್ಚಲತೆ ಉಳಿದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕಸಾಲಿ ನನ್ನ ಮುಖವನ್ನು ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದರು. "ತಗೊಂಡೋಗಿ. ಪೆಡಲು ಒತ್ತಕ್ಕೆ ಬರೋರಿಗೆ ಕೊಡ್ಬೇಕು ಅಂತಿದ್ದೆ," ಎಂದರು. ಕೊಡುವ ಮೊದಲು ಹಿಡಿಕೆಯನ್ನು ಬಿಚ್ಚಿ, ಬಿಳಿ ಕಾಗದದ ಮೇಲೆ ಕುಟ್ಟಿ ಕುಟ್ಟಿ, ಕುಂಚದಲ್ಲಿ ಗುಡಿಸಿ, ಸಂದಿಯಲ್ಲಿದ್ದ ಧೂಳನ್ನೆಲ್ಲ ಬೀಳಿಸಿ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ನಾನು ಕಣ್ಣರಳಿಸಿದಾಗ ನಕ್ಕರು. "ಮಿಷಿನ್ ನಿಮ್ದು. ಧೂಳು ನಂದು." ಅದು ಬಂಗಾರದ ಧೂಳು ಎಂಬುದು ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ನನ್ನ ಮಿಷಿನ್ನಿನ ಕೊಕ್ಕೆಯ ಗೀರು ಅವತ್ತೇ ಹೋಯಿತು. ಉಣ್ಣೆಯ ಗಾಲಿಗೆ ಕೆಂಪು ಪಾಲಿಷ್ ಕಡ್ಡಿ ತಾಗಿಸಿ ಉಜ್ಜುತ್ತಿದ್ದರೆ, ಮೊದಲು ಕಪ್ಪು ಮಸಿ ಬರುತ್ತದೆ, ಕೆಲಸ ಕೆಟ್ಟಿತು ಎನಿಸುತ್ತದೆ. ಒರೆಸಿದರೆ ಆ ಮಸಿಯ ಅಡಿಯಿಂದ ಕಿಟಕಿಯ ಬೆಳಕು, ತಲೆಕೆಳಗಾದ ನನ್ನ ಮೂಗು, ಗೋಡೆಯ ಕ್ಯಾಲೆಂಡರು ಎಲ್ಲ ಕಾಣಿಸುತ್ತವೆ. ನೂಲು ಮತ್ತೆ ತುಂಡಾಗಲಿಲ್ಲ. ಆಮೇಲೆ ನಾನು ಸುಮ್ಮನಿರುವ ಜಾತಿಯೇ ಅಲ್ಲವಲ್ಲ. ಕತ್ತರಿ, ಕೀಲು, ಬೀಗದ ಕೈ, ಪಕ್ಕದ ಮನೆಯವರ ದೀಪದ ಕಂಬ, ಯಾವುದನ್ನೂ ಬಿಡಲಿಲ್ಲ. ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ರವಿಕೆ ಹೊಲಿಸಲು ಬರುವ ಹೆಂಗಸರು ಅಡಿಕೆ ಸುಲಿಯುವ ಕತ್ತಿಯನ್ನೂ ಚೀಲದಲ್ಲಿ ತರಲಾರಂಭಿಸಿದರು. ಒಂದು ಕತ್ತಿಯ ಅಂಚನ್ನು ಅವಸರದಲ್ಲಿ ಉಜ್ಜಿ ಕಾಯಿಸಿ ನೀಲಿ ಮಾಡಿ, ಉಕ್ಕಿನ ಹದ ಕೆಡಿಸಿಬಿಟ್ಟೆ. ಕತ್ತಿಯ ಒಡತಿ ನನಗೆ ಮಾಡಿದ ಮಂಗಳಾರತಿಯಿಂದ, ಉಕ್ಕನ್ನು ನೀರಿಗದ್ದಿ ಅದ್ದಿ ಉಜ್ಜಬೇಕು ಎಂದು ಕಲಿತೆ.

ಎರಡನೆಯ ಮೋಟಾರು ಸಿಕ್ಕಿದ್ದು ಶೃಂಗೇರಿಯಲ್ಲಿ. ಹಲ್ಲಿನ ಡಾಕ್ಟರೊಬ್ಬರು ಹೊಸದನ್ನು ತರಿಸಿಕೊಂಡು ಹಳೆಯದನ್ನು ಮೂಲೆಗಿಟ್ಟಿದ್ದರು. ಇದು ಗೋಡೆಗೆ ನೇತುಹಾಕುವಂಥದ್ದಲ್ಲ. ಬುತ್ತಿಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಒಂದು ವೈರು, ಮೋಟಾರು ಹಿಡಿಕೆಯ ಒಳಗೇ, ಜೊತೆಗೆ ಪುಟ್ಟ ಪೆಡಲು. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಬಹುದು. ಸೂಜಿ ಸಿಕ್ಕಿಸಿ ನೋಡಿದೆ, ಇದೂ ನಿಂತಂತೆ ತಿರುಗಿತು. ಹಿಡಿಕೆಗೆ ಇನ್ನೂ ಲವಂಗದ ಎಣ್ಣೆಯ ವಾಸನೆ ಇತ್ತು. ಕಟ್ಟುಹಲ್ಲನ್ನು ಮೇಜಿನ ಮೇಲಿಟ್ಟು ಉಜ್ಜಲು ಮಾತ್ರ ಬಳಸಿದ್ದು, ಯಾರ ಬಾಯೊಳಗೂ ಹೋಗಿಲ್ಲ ಎಂದು ಡಾಕ್ಟರು ಆಣೆ ಮಾಡಿದಂತೆ ಹೇಳಿದರು. ನಮ್ಮ ಯಜಮಾನರು ಮಾತ್ರ ಅದನ್ನು ಊಟದ ಮೇಜಿನ ಹತ್ತಿರ ತರಗೊಡಲಿಲ್ಲ.

ಈಗ ಅಕ್ಕನ ವಿಷಯ.

ಅಕ್ಕ ನನಗಿಂತ ದೊಡ್ಡವಳು, ಅರವತ್ತು ದಾಟಿದ್ದಾಳೆ. ಮದುವೆಯಾಗಿ ಹರಿಹರಪುರಕ್ಕೆ ಹೋಗುವಾಗ ಅಪ್ಪ ಅವಳಿಗೆ ಒಂದು ಶ್ರುತಿಪೆಟ್ಟಿಗೆ ಕೊಟ್ಟಿದ್ದರು. ಒಂದು ಕೈಯಲ್ಲಿ ತಿದಿ ಒತ್ತಿದರೆ ಒಳಗಿನ ಹಿತ್ತಾಳೆಯ ನಾಲಗೆಗಳು ನಡುಗಿ, ಸ, ಪ, ಮೇಲಿನ ಸ ಒಟ್ಟಾಗಿ ಮೊಳಗುತ್ತವೆ. ಅಲ್ಲಿಯ ಹೆಂಗಸರ ಶುಕ್ರವಾರದ ಭಜನೆಯಲ್ಲಿ ಅಕ್ಕನೇ ಮುಂದೆ ಹಾಡುವವಳು, ಉಳಿದವರು ಹಿಂದೆ ಹೇಳುವವರು. ಮನೆಯಲ್ಲಿ ಅವಳ ಮಾತು ನಾಲ್ಕು ಜನರ ನಡುವೆ ಕೇಳಿಸುವುದೇ ಇಲ್ಲ. ಶುಕ್ರವಾರ ಮಾತ್ರ ಅವಳು ಬಾಯಿ ತೆರೆದರೆ ಎಲ್ಲರೂ ಸುಮ್ಮನಾಗುತ್ತಾರೆ. ಅವಳಿಗೆ ಆ ಒಂದು ಹೊತ್ತು ಎಷ್ಟು ದೊಡ್ಡದು ಎಂದು ನನಗೆ ಗೊತ್ತು.

ಹೋದ ವರ್ಷ ಆ ಪೆಟ್ಟಿಗೆಯ ಸ ನಿಂತುಹೋಯಿತು. "ನಿನ್ನ ಹತ್ರ ಎಂತೆಂತದೋ ಮಿಷಿನ್ ಇದ್ಯಲ್ಲ ಮಾರಾಯ್ತಿ, ಒಂಚೂರು ನೋಡೇ," ಎಂದು ಅಕ್ಕ ಪೆಟ್ಟಿಗೆಯನ್ನು ನನ್ನ ಕೈಗಿಟ್ಟಳು. ಬಿಚ್ಚಿದೆ. ನಾಲಗೆ ಮುರಿದಿರಲಿಲ್ಲ, ಹಸಿರು ಕಿಲುಬು ಕಟ್ಟಿ ಅಂಟಿಕೊಂಡಿತ್ತು, ಅಷ್ಟೇ. ಉಳಿದವುಗಳೂ ಕಂದಿ ಕರಿಯಾಗಿದ್ದವು. ನಮ್ಮ ಕಡೆಯ ಹೆಂಗಸರಿಗೆ ಮಂಕಾದ ಹಿತ್ತಾಳೆ ಕಂಡರೆ ಕೈ ತಡೆಯುವುದಿಲ್ಲ. ಹಬ್ಬಕ್ಕೆ ಮುಂಚೆ ಹುಣಸೆಹಣ್ಣು ಹಿಡಿದು ದೀಪ, ತಂಬಿಗೆ, ಗಂಟೆ ಎಲ್ಲ ಬೆಳಗಿ ಸಾಲಾಗಿ ಇಟ್ಟ ಮೇಲೆಯೇ ನಮಗೆ ಮನೆ ಮನೆಯಂತೆ ಕಾಣುವುದು. ನಾನು ಹಲ್ಲಿನ ಡಾಕ್ಟರ ಮೋಟಾರು ಹಿಡಿದು ಕೂತೆ. ಅಷ್ಟೂ ನಾಲಗೆಗಳನ್ನು ಫಳಫಳ ಮಾಡಿದೆ.

ಆಗ ಕಂಡದ್ದು ನನ್ನನ್ನು ಬೆಚ್ಚಿಬೀಳಿಸಿತು. ನಾಲಗೆಯ ತುದಿಯನ್ನು ಗಾಲಿಗೆ ಹೀಗೆ ತಾಗಿಸಿ ಹಾಗೆ ತೆಗೆದರೆ ಸ್ವರ ಮೇಲೇರುತ್ತದೆ! ಕೆಳಗೆ ಹಾಸಿದ ಕಾಗದದ ಮೇಲೆ ಬಿದ್ದ ಧೂಳು ಕಣ್ಣಿಗೂ ಸರಿಯಾಗಿ ಕಾಣದಷ್ಟು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅಷ್ಟು ಹೋದದ್ದು ಕಿವಿಗೆ ಕೇಳುತ್ತದೆ. ನಾನು ಮತ್ತೆ ಮತ್ತೆ ತಿದಿ ಒತ್ತಿ ಕೇಳಿದೆ. ಅಕ್ಕಸಾಲಿ ಬಂಗಾರದ ಧೂಳನ್ನು ಮಡಚಿಟ್ಟುಕೊಂಡದ್ದು ನೆನಪಾಯಿತು. ಇಲ್ಲಿಯ ಧೂಳು ಅದಕ್ಕಿಂತ ತೂಕದ್ದು ಎನಿಸಿತು.

ಮೊಬೈಲಿನಲ್ಲಿ ಸ್ವರ ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. ಪೆಟ್ಟಿಗೆಯ ಸ ಎಷ್ಟು ಎತ್ತರದ್ದು ಎಂಬುದು, ಐದು ಮನೆಯ ಶ್ರುತಿ ಎಂದು, ಅದರ ಮೇಲೆ ಅಪ್ಪನ ಕೈಬರಹದಲ್ಲೇ ಇದೆ. ಆದರೆ ಉಜ್ಜುವ ಮೊದಲು ನೋಡಿದಾಗ ಮೊಬೈಲಿನ ಮುಳ್ಳು ಐದಕ್ಕಿಂತ ಎಷ್ಟೋ ಕೆಳಗೆ ಬಿದ್ದುಕೊಂಡಿತ್ತು. ಕಿಲುಬಿನ ಭಾರಕ್ಕೆ, ವಯಸ್ಸಿನ ದಣಿವಿಗೆ ಇಳಿದುಹೋಗಿದೆ, ಪಾಪ, ಎಂದುಕೊಂಡೆ. ತುದಿಗಳನ್ನು ಉಜ್ಜಿ ಉಜ್ಜಿ ಮುಳ್ಳನ್ನು ಸರಿಯಾಗಿ ಐದರ ಮೇಲೆ ತಂದು ನಿಲ್ಲಿಸಿದೆ. ಮೂರು ಸ್ವರಗಳೂ ಒಂದಕ್ಕೊಂದು ಕೂಡಿದಾಗ ಅಂಗಡಿಯ ಗಾಜು ಸಣ್ಣಗೆ ನಡುಗಿತು. ಅಂಥ ಹೆಮ್ಮೆ ನನಗೆ ಯಾವ ರೇಷ್ಮೆ ರವಿಕೆಯಲ್ಲೂ ಆಗಿರಲಿಲ್ಲ.

ಪೆಟ್ಟಿಗೆ ಕೊಟ್ಟು ಬಂದೆ. ಶುಕ್ರವಾರ ಕಳೆದ ಮೇಲೆ ಅಕ್ಕನ ಫೋನು ಬಂತು.

"ಪೆಟ್ಟಿಗೆ ಚಂದ ಆಗಿದೆ ಮಾರಾಯ್ತಿ. ನಂದೇ ಕಂಠ ಹೋತು."

"ಎಂತ ಹೇಳ್ತೀಯೆ?"

"ಮೇಲೆ ಹೋಗಕ್ಕೇ ಆಗ್ಲಿಲ್ಲ. ಒಡೆದು ಹೋತು. ಅರ್ಧಕ್ಕೇ ನಿಲ್ಸಿಬಿಟ್ಟೆ, ಎಲ್ರೆದುರಿಗೆ. ವಯಸ್ಸಾತಲ್ಲ, ಇನ್ನು ಸಾಕು. ಪೆಟ್ಟಿಗೆ ಕಪಾಟಿನ ಮೇಲೆ ಇಟ್ಟೀನಿ. ಬೇಕಾದ್ರೆ ನೀನೇ ತಗೊಂಡೋಗು."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಸಮಾಧಾನ ಮಾಡುತ್ತಿದ್ದೆ. ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳಿ ಫೋನಿಟ್ಟಳು. ಮುಂದಿನ ಶುಕ್ರವಾರ ಅವಳು ಭಜನೆಗೆ ಹೋಗಲಿಲ್ಲ. ಅದರ ಮುಂದಿನ ಶುಕ್ರವಾರವೂ ಹೋಗಲಿಲ್ಲ. ಜೊತೆಯವರು ಮೊಬೈಲಿನಲ್ಲೇ ಶ್ರುತಿ ಹಾಕುತ್ತೇವೆ ಎಂದು ಕರೆದರೂ ಮೊಣಕಾಲು ನೋವು ಎಂದಳಂತೆ. ಅವಳ ಮೊಣಕಾಲು ನನ್ನದಕ್ಕಿಂತ ಗಟ್ಟಿಯಾಗಿದೆ.

ಕೆಲವು ದಿನಗಳ ನಂತರ ಅಕ್ಕನ ರವಿಕೆ ಹೊಲಿಯಲು ಕೂತೆ. ಬಟ್ಟೆಯ ಜೊತೆ ಅವಳ ಅಳತೆ ರವಿಕೆ ಇತ್ತು. ನಮ್ಮಲ್ಲಿ ಯಾರೂ ಟೇಪು ಹಿಡಿದು ಅಳತೆ ಕೊಡುವುದಿಲ್ಲ, ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಕೊಟ್ಟು ಹೋಗುತ್ತಾರೆ. ಅಕ್ಕನ ರವಿಕೆಯ ಪಕ್ಕದ ಹೊಲಿಗೆಯನ್ನು ಬಿಡಿಸಿ ನೋಡಿದರೆ ಒಂದರ ಪಕ್ಕ ಒಂದು, ಹಳೆಯ ಹೊಲಿಗೆಗಳ ಸಾಲು ಕಂಡಿತು. ನಾನೇ ವರ್ಷವರ್ಷವೂ ಒಂದೊಂದು ನೂಲು ಸಡಿಲಿಸುತ್ತ ಬಂದ ಗುರುತುಗಳು. ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಮೈ ಬದಲಾದ ಹಾಗೆ ರವಿಕೆಯೂ ಬದಲಾಗಿತ್ತು, ಅಕ್ಕನಿಗೆ ಅದು ಗೊತ್ತೂ ಆಗಿರಲಿಲ್ಲ.

ನನ್ನ ಕೈ ಅಲ್ಲಿಯೇ ನಿಂತಿತು.

ಪೆಟ್ಟಿಗೆಯೂ ಇದನ್ನೇ ಮಾಡಿತ್ತಲ್ಲ! ಅಕ್ಕನ ಕಂಠ ವರ್ಷಕ್ಕೊಂದಿಷ್ಟು ಇಳಿಯುತ್ತ ಬಂದಿತ್ತು. ಹಿತ್ತಾಳೆಯ ನಾಲಗೆಗಳೂ ಕಿಲುಬು ಹೊತ್ತು, ದಣಿದು, ಇಳಿಯುತ್ತ ಬಂದಿದ್ದವು. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದಿದ್ದರು. ಹಾಗಾಗಿ ಅಕ್ಕನಿಗೆ ತನ್ನ ಕಂಠ ಮದುವೆಯ ದಿನ ಎಲ್ಲಿತ್ತೋ ಅಲ್ಲೇ ಇದೆ ಎನಿಸುತ್ತಿತ್ತು. ನಾನು ಮೋಟಾರು ಹಿಡಿದು ಪೆಟ್ಟಿಗೆಯೊಂದನ್ನೇ ಎತ್ತಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿಬಿಟ್ಟಿದ್ದೆ. ಮದುವೆಯ ಅಳತೆಗೆ ರವಿಕೆ ಹೊಲಿದು ಅರವತ್ತು ದಾಟಿದವಳಿಗೆ ತೊಡಿಸಿದ ಹಾಗಾಗಿತ್ತು. ಒಂದು ತುಂಡು ಹಿತ್ತಾಳೆ ಒಬ್ಬ ಹೆಂಗಸನ್ನು ಇಷ್ಟು ವರ್ಷ ಹೀಗೆ ಕಾಪಾಡಿಕೊಂಡು ಬಂದಿತ್ತಲ್ಲ ಎಂದು ನೆನೆದು ನನಗೆ ಕಣ್ಣು ತುಂಬಿತು. ತಪ್ಪು ಮಾಡಿದೆ ಎಂಬ ಬೇಸರಕ್ಕಿಂತ ಆ ಬೆರಗೇ ದೊಡ್ಡದಾಗಿತ್ತು.

ಮರುದಿನ ಅಂಗಡಿಗೆ ಬೀಗ ಹಾಕಿ, ಹಲ್ಲಿನ ಡಾಕ್ಟರ ಮೋಟಾರನ್ನೂ ಬೆಸುಗೆ ಹಾಕುವ ಸಣ್ಣ ಕಡ್ಡಿಯನ್ನೂ ಚೀಲಕ್ಕೆ ತುಂಬಿ ಶೃಂಗೇರಿ ಬಸ್ಸು ಹತ್ತಿ ಹರಿಹರಪುರದಲ್ಲಿ ಇಳಿದೆ. ಅಕ್ಕ ಹಪ್ಪಳ ಒಣಗಿಸುತ್ತಿದ್ದಳು. ಚೀಲ ನೋಡಿದ ಕೂಡಲೇ ಅವಳ ಮುಖ ಬಿಗಿಯಿತು.

"ಪೆಟ್ಟಿಗೆ ಸರಿಯಾಗೇ ಇದೆ. ನೀನು ಎಂತ ಮಾಡಿದ್ರೂ ನಾನು ಹಾಡಲ್ಲ."

"ಹಾಡು ಯಾರು ಕೇಳಿದ್ರು? ನಾನು ಬಂದಿದ್ದು ಅಳತೆ ತಗೊಳಕ್ಕೆ."

"ಅಳತೆ ರವಿಕೆ ಕೊಟ್ಟೀನಲ್ಲೇ."

"ರವಿಕೆಗಲ್ಲ ಮಾರಾಯ್ತಿ. ಗಂಟ್ಲಿಂದು ಬೇಕು. ಹಪ್ಪಳ ಒಣಗಿಸ್ತಾ ಗುನುಗ್ತಿದ್ಯಲ್ಲ, ಅದನ್ನೇ ಗುನುಗು."

ಗುನುಗುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಒಳಗೆ ಕರೆದೊಯ್ದು ನಡುಮನೆಯಲ್ಲಿ ಕೂರಿಸಿದೆ. ಪೆಟ್ಟಿಗೆ ಕೆಳಗಿಳಿಸಿ, ಸ ಒಂದನ್ನು ಮಾತ್ರ ತೆರೆದಿಟ್ಟು, ಉಳಿದೆರಡು ರಂಧ್ರಗಳಿಗೆ ಬಟ್ಟೆ ತುರುಕಿದೆ. ಅವನ್ನು ಆಮೇಲೆ ಇದಕ್ಕೆ ಹೊಂದಿಸಿಕೊಳ್ಳಬಹುದು. ಮೊದಲು ಬೇಕಾದದ್ದು ಅಕ್ಕನ ಸ. ಈ ಸಲ ಮೊಬೈಲನ್ನು ಚೀಲದಿಂದ ತೆಗೆಯಲೇ ಇಲ್ಲ.

ಸ್ವರ ಇಳಿಸಬೇಕಾದರೆ ನಾಲಗೆಯ ಬುಡವನ್ನು ಸವೆಸಬೇಕು. ಆದರೆ ನಾನು ಮೊದಲೇ ಉಜ್ಜಿ ಅದನ್ನು ತೆಳ್ಳಗೆ ಮಾಡಿಟ್ಟಿದ್ದೆ. ಬುಡಕ್ಕೆ ಕೈ ಹಾಕಿದರೆ ಮುರಿಯುತ್ತದೆ, ಅಂಥದ್ದು ಬೇರೆ ಎಲ್ಲಿ ಸಿಗಬೇಕು? ಹಾಗಾಗಿ ತುದಿಗೆ ಬೆಸುಗೆಯ ಒಂದು ಚುಕ್ಕೆ ಇಟ್ಟೆ, ಸಾಸಿವೆಯಷ್ಟು. ಕೂರಿಸಿ ತಿದಿ ಒತ್ತಿದಾಗ ಸ ಪಾತಾಳದಿಂದ ಬಂದಂತೆ ಕೇಳಿಸಿತು. ಅಕ್ಕ ನಕ್ಕಳು. "ಇದು ಎಂತದೇ, ಕೋಣನ ಕಂಠ!"

"ಸುಮ್ನಿರು. ನಿಂದು ಹೇಳು."

ಅವಳು ಕಣ್ಣು ಮುಚ್ಚಿ ಸಣ್ಣಗೆ ಸ ಎಂದಳು. ಯಾವ ಪೆಟ್ಟಿಗೆಯೂ ಹೇಳಿಕೊಡದ, ಅವಳ ಮೈ ತಾನೇ ಇಟ್ಟುಕೊಂಡ ಸ. ನಾನು ನಾಲಗೆಯನ್ನು ಬಿಚ್ಚಿ, ಹೆಬ್ಬೆರಳಿನಿಂದ ಪೆಡಲನ್ನು ಮುಟ್ಟಿ, ಬೆಸುಗೆಯ ಚುಕ್ಕೆಯನ್ನು ಗಾಲಿಗೆ ತಾಗಿಸಿ ತೆಗೆದೆ. ಮತ್ತೆ ಕೂರಿಸಿದೆ. ಪೆಟ್ಟಿಗೆ ಒಂದು ಕೂದಲೆಳೆ ಮೇಲೆ ಬಂತು. ಮತ್ತೆ ಬಿಚ್ಚಿದೆ, ಮತ್ತೆ ತಾಗಿಸಿದೆ. ಸ್ವಲ್ಪ ಹೆಚ್ಚು ಒತ್ತಿದರೆ ಚುಕ್ಕೆಯ ಜೊತೆ ನಾಲಗೆಯೂ ಹೋಗುತ್ತದೆ. ಅದು ಹೋದರೆ ಅಕ್ಕ ಪೆಟ್ಟಿಗೆಯನ್ನು ಕಪಾಟಿನ ಮೇಲಿಂದ ಇನ್ನೆಂದೂ ಇಳಿಸುವುದಿಲ್ಲ. ನನ್ನ ಹೆಬ್ಬೆರಳು ಬೆವರಿತ್ತು. ಸೂಜಿಯನ್ನು ನಿಂತಂತೆ ತಿರುಗಿಸಿ ತೋರಿಸಿದ್ದ ಆ ಹಳೆಯ ಹಿಡಿಕೆ ಮಾತ್ರ ಒಂದು ಚೂರೂ ಅದುರಲಿಲ್ಲ. ಎಷ್ಟೋ ಜನರ ಕಟ್ಟುಹಲ್ಲನ್ನು ಅವರ ವಸಡಿಗೆ ಹೊಂದಿಸಿದ ಹಿಡಿಕೆ ಅದು.

ಅಕ್ಕ ಸ ಹೇಳುತ್ತಲೇ ಇದ್ದಳು, ಪೆಟ್ಟಿಗೆ ಕೆಳಗಿಂದ ಹತ್ತುತ್ತಲೇ ಇತ್ತು. ಹತ್ತಿರ ಬಂದಂತೆ ಎರಡು ದನಿಗಳ ನಡುವೆ ಒಂದು ಅಲೆ ಎದ್ದಿತು, ವಂವ್ ವಂವ್ ವಂವ್ ಎಂದು. ಇನ್ನೊಮ್ಮೆ ಉಜ್ಜಿದಾಗ ಅಲೆ ನಿಧಾನವಾಯಿತು. ಇನ್ನೊಮ್ಮೆ ಉಜ್ಜಿ ಕೂರಿಸಿ ತಿದಿ ಒತ್ತಿದೆ. ಅಲೆ ನಿಂತಿತು. ಅಕ್ಕನ ದನಿ ಎಲ್ಲಿ, ಹಿತ್ತಾಳೆಯ ದನಿ ಎಲ್ಲಿ ಎಂದು ನನಗೆ ಬಿಡಿಸಲಾಗಲಿಲ್ಲ. ಅಕ್ಕ ಕಣ್ಣು ತೆರೆದಳು. ತನ್ನ ದನಿ ತನಗೇ ಕೇಳಿಸುತ್ತಿಲ್ಲ ಎಂದು ಒಂದು ಕ್ಷಣ ಗಾಬರಿಯಾದಳು. ಆಮೇಲೆ ಅರ್ಥವಾಯಿತು.

ಅವಳು ಪೆಟ್ಟಿಗೆಯನ್ನು ನನ್ನ ಮಡಿಲಿನಿಂದ ತನ್ನ ಹತ್ತಿರಕ್ಕೆ ಎಳೆದುಕೊಂಡಳು. ತಿದಿಯ ಮೇಲೆ ತನ್ನ ಕೈಯಿಟ್ಟು, ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರಿಗೂ ಹೇಳಿಕೊಟ್ಟ ಹಾಡನ್ನು ಎತ್ತಿದಳು. ಅವತ್ತು ಕಂಠ ಒಡೆದ ಜಾಗ ಹತ್ತಿರವಾಯಿತು. ಅವಳು ಆ ಜಾಗವನ್ನು ಹೊಸ್ತಿಲು ದಾಟುವಷ್ಟು ಸಲೀಸಾಗಿ ದಾಟಿ ಮೇಲೆ ಹೋದಳು.

ಇನ್ನೂ ಒಂದು ಚೂರು ಉಜ್ಜಿ ಮೇಲೇರಿಸಲೇ ಎಂದು ನಾನು ಹಿಡಿಕೆಯನ್ನು ಎತ್ತಿ ತೋರಿಸಿದೆ. ಅಕ್ಕ ಹಾಡು ನಿಲ್ಲಿಸದೆ, ಇನ್ನೊಂದು ಕೈಯನ್ನು ಪೆಟ್ಟಿಗೆಗೆ ಅಡ್ಡ ಹಿಡಿದು, ಇನ್ನು ಮುಟ್ಟಬೇಡ ಎಂದು ತಲೆಯಾಡಿಸಿದಳು. ನಾನು ಪೆಡಲಿನಿಂದ ಕಾಲು ತೆಗೆದೆ.